ಬ್ಯಾಟರಿ ಕಾರು ಚಾರ್ಜ್ ಆಗದ ವಾರ

ದೀಪಶ್ರೀ ಕಾರಿನ ಸೀಟು ಮೇಲೆತ್ತಿ, ಕೆಳಗಿದ್ದ ಬ್ಯಾಟರಿಗಳ ಮುಚ್ಚಳಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದಳು. ಪುಟ್ಟ ಆಲಿಕೆ ಇಟ್ಟು ಡಿಸ್ಟಿಲ್ಡ್ ವಾಟರನ್ನು ಗುರುತಿನವರೆಗೆ ಸುರಿದಳು. ತುಳುಕಿದ ಹನಿಗಳನ್ನು ಹಳೇ ಬನಿಯನ್ ತುಂಡಿನಿಂದ ಒರೆಸಿದಳು. ಮಾವ ಚಂದ್ರಶೇಖರಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತ ಕೂತಿದ್ದರು. ಸೀಟು ಇಳಿಸಿ, ಪ್ಲಗ್ ಹಾಕಿ, ಸ್ವಿಚ್ ಒತ್ತಿದಳು. ಚಾರ್ಜರ್ ಒಂದು ಸಲ ಗುಂಯ್ ಎಂದಿತು, ಕೆಂಪು ದೀಪ ಹತ್ತಿತು, ಅಷ್ಟಕ್ಕೇ ನಿಂತಿತು.

ನಾಲ್ಕು ದಿನದಿಂದ ಇದೇ ಕಥೆ.

"ನೀರು ಕಮ್ಮಿಯಾಗಿ ಅಲ್ಲ ಹಾಗಾದ್ರೆ," ಎಂದರು ಮಾವ. "ಭಾನುವಾರ ಕಾಫಿ ಲಾರಿ ಬೆಂಗಳೂರಿಗೆ ಹೋಗ್ತದೆ. ಅದಕ್ಕೇ ಹತ್ತಿಸಿ, ಕಾರು ಕೊಟ್ಟ ಡಾಕ್ಟ್ರಿಗೇ ವಾಪಸ್ ಕಳಿಸ್ತೀನಿ. ಅವ್ರೂ ಹ್ಞೂಂ ಅಂದಿದಾರೆ."

ದೀಪಶ್ರೀ ಆಲಿಕೆಯನ್ನು ತೊಳೆದು ಮೊಳೆಗೆ ನೇತುಹಾಕಿದಳು.

ಅದು ಎರಡು ಸಾವಿರದ ಏಳನೇ ಇಸವಿಯ ಮಾರ್ಚ್. ವಸ್ತಾರೆ ಸುತ್ತಮುತ್ತ ಬ್ಯಾಟರಿ ಕಾರು ಅಂತ ಇದ್ದದ್ದು ಇದೊಂದೇ. ಮಾವನಿಗೆ ಮಂಡಿನೋವು, ಜೀಪಿನ ಕ್ಲಚ್ಚು ತುಳಿಯಲಾಗದೆ ಅದನ್ನು ಡ್ರೈವರ್ ಶಂಕರನಿಗೆ ಬಿಟ್ಟು, ತಾವು ಓಡಿಸಲೆಂದು ಇದನ್ನು ಪರಿಚಯದ ಡಾಕ್ಟರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದರು. ಕ್ಲಚ್ಚಿಲ್ಲ, ಗೇರಿಲ್ಲ. ಹಾಗಾಗಿ ಬೆಳಿಗ್ಗೆ ಶೆಡ್ಡಿನಿಂದ ಹೊರಗೆ ತೆಗೆದು ನಿಲ್ಲಿಸುವ ಕೆಲಸ ದೀಪಶ್ರೀಯ ಪಾಲಿಗೆ ಬಂತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು, ಸೋದರತ್ತೆ ನಂಜಮ್ಮನ ಕೈಕೆಲಸಕ್ಕೆಂದು ಬಂದ ಹುಡುಗಿ ಅವಳು, ಈಗ ಹತ್ತೊಂಬತ್ತು ತುಂಬಿತ್ತು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತೇ ಎಲ್ಲ ನೋಡುವವಳು. ಕಾರು ಬಂದ ಎಂಟು ತಿಂಗಳಲ್ಲಿ ಕಾಫಿ ಒಣಗಿಸುವ ಕಣದ ಸುತ್ತ ಓಡಿಸಿ ಓಡಿಸಿ ರಿವರ್ಸು ಕೂಡ ಕಲಿತಿದ್ದಳು. ಗೇಟಿನಾಚೆ ಮಾತ್ರ ಒಂದು ದಿನವೂ ಹೋಗಿರಲಿಲ್ಲ. ಈ ಕಾರು ಲಾರಿ ಹತ್ತಿತೆಂದರೆ ಇನ್ನೊಂದು ಸ್ಟಿಯರಿಂಗು ತನ್ನ ಕೈಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಜೀಪನ್ನು ಒರೆಸಲು ಕೊಡುತ್ತಿದ್ದರು, ಕೀಲಿ ಕೊಡುತ್ತಿರಲಿಲ್ಲ.

ಶುಕ್ರವಾರ ಉಮರ್ ಫಾರೂಕ್ ಬಂದರು. ವಸ್ತಾರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಅವರದು. ಈ ಮನೆಗೆ ವೈರಿಂಗ್ ಮಾಡಿದವರೂ ಅವರೇ.

"ಏನ್ ಫಾರೂಕ್ ಸಾಬ್ರೆ, ಕಾರ್ ನೋಡೋಕೆ ಬರೋದಕ್ಕೆ ಐದು ದಿನವಾ?" ಎಂದರು ಮಾವ.

"ಸ್ಪ್ರಿಂಕ್ಲರ್ ಸೀಸನ್ನು ಮಾರಾಯ್ರೆ. ಊರ ಪಂಪೆಲ್ಲ ನನ್ನ ಅಂಗಡೀಲೇ ಮಲಗಿದಾವೆ. ಮೊದಲು ಅವುಗಳ ಜೀವ ಉಳಿಸ್ಬೇಕಲ್ಲ."

ಫಾರೂಕ್ ಪ್ಲಗ್ ಕಿತ್ತು ನೋಡಿದರು. ಒಂದು ಪಿನ್ನು ಕಪ್ಪಾಗಿತ್ತು. ಪ್ಲಗ್ಗನ್ನೂ ಸಾಕೆಟ್ಟನ್ನೂ ಹೊಸದು ಹಾಕಿದರು. ಕೆಂಪು ದೀಪ. ಮೀಟರ್ ಹಿಡಿದು ವೋಲ್ಟೇಜ್ ನೋಡಿದರು, ಸರಿಯಾಗೇ ಇತ್ತು. ಆದರೂ ಇರಲಿ ಎಂದು ಮೇನ್ ಆಫ್ ಮಾಡಿ ಬೇರೆ ಫೇಸಿಗೆ ಬದಲಾಯಿಸಿದರು. ಮತ್ತೆ ಕೆಂಪು ದೀಪ.

"ಚಾರ್ಜರೇ ಹೋಗಿರ್ಬೇಕು," ಎಂದು ಹಣೆ ಒರೆಸಿಕೊಂಡರು. "ಸೀಲ್ ಮಾಡಿರೋ ಪೆಟ್ಟಿಗೆ. ಬಿಚ್ಚಿದ್ರೆ ನಂಗೂ ತಿಳಿಯಲ್ಲ, ನಿಮಗೂ ತಿಳಿಯಲ್ಲ. ಕಳಿಸೋದೇ ಸರಿ."

ದೀಪಶ್ರೀ ಕಾಫಿ ತಂದಳು. ಕಾರನ್ನು ಸುತ್ತಿಕೊಂಡು ಹೋಗುವಾಗ ಮೊಣಕೈ ಬಾಗಿಲ ಹಿಡಿಗೆ ತಗುಲಿ ಜುಮ್ಮೆಂದಿತು. ಲೋಟ ತುಳುಕಿತು. ಈ ಜುಮ್ಮು ಅವಳಿಗೆ ಹೊಸದಲ್ಲ. ಶಿವರಾತ್ರಿ ಕಳೆದಾಗಿನಿಂದ ಅಡುಗೆಮನೆಯ ಗ್ರೈಂಡರ್ ಮುಟ್ಟಿದರೂ ಹೀಗೇ ಆಗುತ್ತಿತ್ತು. ಅತ್ತೆ ಮಣೆ ಮೇಲೆ ನಿಂತು ಹಿಟ್ಟು ರುಬ್ಬುವುದನ್ನು ರೂಢಿ ಮಾಡಿಕೊಂಡಿದ್ದರು. ಯಾರಿಗೂ ಹೇಳಿರಲಿಲ್ಲ.

ಅವಳು ಇಬ್ಬರ ಕಾಲುಗಳನ್ನು ನೋಡಿದಳು. ಮಾವನ ಕಾಲಲ್ಲಿ ರಬ್ಬರ್ ಚಪ್ಪಲಿ, ಫಾರೂಕರ ಕಾಲಲ್ಲಿ ದಪ್ಪ ಸೋಲಿನ ಸ್ಯಾಂಡಲ್. ಬರಿಗಾಲಲ್ಲಿ ಇದ್ದವಳು ತಾನೊಬ್ಬಳೇ.

ಕಾರಿನಲ್ಲೂ ಅದೇ, ಗ್ರೈಂಡರಿನಲ್ಲೂ ಅದೇ. ಹಾಗಾದರೆ ರೋಗ ಕಾರಿನದಲ್ಲ, ಮನೆಯದು. ಅಷ್ಟು ಹೊಳೆದ ಮೇಲೆ ಉಳಿದದ್ದೂ ಹೊಳೆಯಿತು. ಬಚ್ಚಲ ಹಿಂದೆ ನೆಲದಲ್ಲಿ ಹೂತ ಅರ್ತಿಂಗ್ ಪೈಪಿತ್ತು. ಬುಡದ ಮಣ್ಣು ಒದ್ದೆ ಇದ್ದರೇ ಸೋರಿದ ಕರೆಂಟು ಅದರಲ್ಲಿ ನೆಲಕ್ಕೆ ಇಳಿಯುವುದು ಎಂದು ಫಾರೂಕ್ ಹಿಂದೊಮ್ಮೆ ಹೇಳಿದ್ದು ಈಗ ನೆನಪಾಯಿತು. ಸ್ನಾನದ ನೀರು ವರ್ಷವಿಡೀ ಅದರ ಬುಡ ನೆನೆಸಿಕೊಂಡೇ ಹೋಗುತ್ತಿತ್ತು. ಬಿಸಿಲು ಜಾಸ್ತಿಯಾಯಿತೆಂದು ಫೆಬ್ರವರಿಯಲ್ಲಿ ಚಿಕ್ಕ ಕಾಲುವೆ ತೋಡಿ, ಆ ನೀರನ್ನು ತನ್ನ ಆಂಥೂರಿಯಂ ಗಿಡಗಳಿಗೆ ತಿರುಗಿಸಿದವಳು ಅವಳೇ. ಆಮೇಲೆ ಒಂದು ಹನಿ ಮಳೆಯಾಗಿರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸುಮ್ಮನಿದ್ದರೆ ಭಾನುವಾರ ಲಾರಿ.

"ಸಾಬ್ರೆ," ಎಂದಳು. ಧ್ವನಿ ಸಣ್ಣಗಿತ್ತು. "ಚಪ್ಪಲಿ ಬಿಚ್ಚಿ ಕಾರು ಮುಟ್ಟಿ ನೋಡಿ."

"ಏನಮ್ಮ, ಕಾರೇನು ದೇವಸ್ಥಾನವಾ?" ಎಂದು ನಗುತ್ತಲೇ ಫಾರೂಕ್ ಸ್ಯಾಂಡಲ್ ಬಿಚ್ಚಿ ಬಾಗಿಲ ಹಿಡಿಗೆ ಬೆರಳ ಬೆನ್ನು ತಾಗಿಸಿದರು. ಕೈ ಹಿಂದಕ್ಕೆ ಹಾರಿತು. "ಯಾ ಅಲ್ಲಾ!"

ನಗು ನಿಂತಿತು. "ಗ್ರೈಂಡರೂ ಹೀಗೇ ಹೊಡೀತದೆ, ಅತ್ತೆ ಮಣೆ ಮೇಲೆ ನಿಂತು ರುಬ್ತಾರೆ," ಎಂದಳು ದೀಪಶ್ರೀ. ಫಾರೂಕ್ ಚೀಲದಿಂದ ಎರಡು ವೈರು ಕಟ್ಟಿದ ಬಲ್ಬು ತೆಗೆದರು. ಫೇಸಿಗೂ ನ್ಯೂಟ್ರಲಿಗೂ ಹಿಡಿದಾಗ ಬೆಳ್ಳಗೆ ಉರಿಯಿತು. ಫೇಸಿಗೂ ಅರ್ತಿಗೂ ಹಿಡಿದಾಗ ಒಳಗಿನ ತಂತಿ ಸ್ವಲ್ಪ ಕೆಂಪಗಾಯಿತು, ಅಷ್ಟೇ.

"ಅರ್ತಿಂಗೇ ಇಲ್ಲ! ಅರ್ತ್ ಸಿಗದಿದ್ರೆ ಈ ಚಾರ್ಜರ್ ತಾನೇ ಬಂದ್ ಆಗ್ತದೆ. ಎಲ್ಲಾ ನೋಡ್ದೆ, ಇದೊಂದ್ ನೋಡ್ಲಿಲ್ಲ. ನಾನೇ ಹಾಕಿದ್ದಲ್ವಾ, ಸರಿ ಇದ್ದೇ ಇರ್ತದೆ ಅಂತ ಜಂಬ."

ಮೂವರೂ ಬಚ್ಚಲ ಹಿಂದೆ ಹೋದರು. ಪೈಪಿನ ಸುತ್ತ ಮಣ್ಣು ಬಿರುಕುಬಿಟ್ಟಿತ್ತು.

"ಇಲ್ಲಿಗೆ ಬರ್ತಿದ್ದ ನೀರು ಎಲ್ಲಿ ಹೋಯ್ತು?" ಎಂದರು ಮಾವ.

"ನಾನೇ ತಿರುಗಿಸಿದ್ದು ಮಾವ. ಹೂವಿನ ಗಿಡಕ್ಕೆ."

"ಹೂವಿಗಾ? ಐದು ದಿನ ನಾನು ಬೆಂಗಳೂರಿಗೆ ಫೋನ್ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದು ನಿನ್ನ ಹೂವಿಗಾ?"

ಫಾರೂಕ್ ಮೇನ್ ಆಫ್ ಮಾಡಿ ಬಂದು, ಪೈಪಿನ ತುದಿಯ ನಟ್ಟು ಬಿಚ್ಚಿ, ತುಕ್ಕು ಕೆರೆದು ಬಿಗಿ ಮಾಡಿದರು. ಅವರು ಹೇಳಿದಂತೆ ದೀಪಶ್ರೀ ಪೈಪಿನ ಸುತ್ತ ಎರಡು ಸೇರು ಕಲ್ಲುಪ್ಪು ಹಾಕಿ, ಬಾವಿಯಿಂದ ಏಳು ಕೊಡ ನೀರು ಹೊತ್ತು ಸುರಿದಳು. ಮೊದಲ ಮೂರು ಕೊಡವನ್ನು ಮಣ್ಣು ಸದ್ದಿಲ್ಲದೆ ಕುಡಿಯಿತು. ಆಮೇಲೆ ಗುದ್ದಲಿ ತಂದು ಕಾಲುವೆಯನ್ನು ತಾನೇ ಮುಚ್ಚಿದಳು.

ಮೇನ್ ಆನ್ ಮಾಡಿದಾಗ ಬಲ್ಬು ಬೆಳ್ಳಗೆ ಉರಿಯಿತು. ಸ್ವಿಚ್ ಒತ್ತಿದರು. ಚಾರ್ಜರ್ ಗುಂಯ್ ಎಂದಿತು. ಗುಂಯ್ ಎನ್ನುತ್ತಲೇ ಇತ್ತು.

"ನಂಜಮ್ಮೋರೆ," ಎಂದು ಫಾರೂಕ್ ಅಡುಗೆಮನೆಯ ಕಡೆ ಕೂಗಿದರು, "ಇನ್ಮೇಲೆ ಮಣೆ ಇಳೀಬಹುದು."

ಜಗಲಿಯಲ್ಲಿ ಎರಡನೇ ಸಲ ಕಾಫಿಯಾಯಿತು. ಅತ್ತೆಯೂ ಬಂದು ಹೊಸಿಲ ಮೇಲೆ ಕೂತರು. ಮಾವ ಡಾಕ್ಟರಿಗೆ ಫೋನ್ ಮಾಡಿ, ಕಾರು ಇಲ್ಲೇ ಇರಲಿ ಎಂದರು. ಫೋನಿಟ್ಟು ಫಾರೂಕರ ಕಡೆ ತಿರುಗಿದರು.

"ಸೋಮವಾರದಿಂದ ಇದನ್ನೂ ಡ್ರೈವರ್ ಶಂಕರನ ಕೈಗೇ ಕೊಡ್ತೀನಿ. ತೆಗೆಯೋದು, ಚಾರ್ಜಿಗೆ ಹಾಕೋದು, ಎಲ್ಲ ಅವನೇ ನೋಡ್ಕೊಳ್ಳಲಿ. ಹೆಣ್ಮಕ್ಕಳಿಗೆ ಕರೆಂಟು, ವೈರು ಎಲ್ಲ ಯಾಕೆ?"

"ಶಂಕರನೂ ಬೂಟ್ ಹಾಕೋನೇ ಮಾರಾಯ್ರೆ," ಎಂದರು ಫಾರೂಕ್. ಮಾವ ನಗಲಿಲ್ಲ.

ದೀಪಶ್ರೀ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿದಳು. ಎತ್ತಲಿಲ್ಲ. ಯಾವಾಗಲೂ ಒಳಗೆ ಹೋಗಿಬಿಡುವವಳು ಅಲ್ಲೇ ನಿಂತಳು.

"ಮಾವ, ನಂಗೆ ಓಡಿಸೋಕೆ ಬರ್ತದೆ. ನಂಗೊಂದು ಲೈಸೆನ್ಸ್ ಮಾಡಿಸಿ ಕೊಡಿ."

ಫಾರೂಕ್ ವೈರು ಸುತ್ತತೊಡಗಿದರು. ಅತ್ತೆ ಗಂಡನ ಮುಖ ನೋಡಿದರು. ಮಾವ ಮಂಡಿಯನ್ನು ಎರಡೂ ಕೈಯಿಂದ ಒತ್ತಿಕೊಳ್ಳುತ್ತ ಗೇಟಿನ ಕಡೆ ನೋಡುತ್ತ ಕೂತರು.

"ಚಿಕ್ಕಮಗಳೂರಿಗೆ ಹೋಗಿ ಫಾರಂ ನಾನೇ ತರ್ತೀನಿ," ಎಂದಳು ದೀಪಶ್ರೀ. "ನಾನಿಲ್ಲೇ ಇರೋದು ಅಂತ ವಿಳಾಸಕ್ಕೆ ನೀವು ಸೈನ್ ಮಾಡಿ ಕೊಡಿ, ಸಾಕು."