ಮಿಲಾನಿನ ಸೊಟ್ಟ ನಾಣ್ಯ

ಬೈಕುಲ್ಲಾದ ಚಾಳೊಂದರ ಕೆಳಗಿನ ಖೋಲಿಯಲ್ಲಿ ಬೆಳಗಾವಿ ಕಡೆಯ ಮುರಿಗೆಪ್ಪ ಬೆಳ್ಳಿಯ ಲಿಂಗದ ಕರಡಿಗೆ ಮಾಡುತ್ತಿದ್ದ. ಅವಕ್ಕೆ ಹೊಳಪು ಕೊಡುವವಳು ಹೆಂಡತಿ ಕಾಶವ್ವ. ಹನ್ನೆರಡು ವರ್ಷ ಉಜ್ಜಿ ಉಜ್ಜಿ ಬೆಳ್ಳಿಯ ಗುಣವೆಲ್ಲ ಅವಳ ಹೆಬ್ಬೆರಳಿಗೆ ಗೊತ್ತಾಗಿತ್ತು.

೧೯೫೪ರ ಒಂದು ಭಾನುವಾರ ಬೆಳಿಗ್ಗೆ ಚೆಂಬೂರಿನಿಂದ ರಮಾನಾಥ ಮೇಷ್ಟ್ರು ಬಂದರು. ಹಳೆಯ ನಾಣ್ಯ ಕೂಡಿಡುವ ಹುಚ್ಚು ಅವರಿಗೆ. ಕರವಸ್ತ್ರ ಬಿಚ್ಚಿ, ತೆಳ್ಳಗಿನ ಬೆಳ್ಳಿ ನಾಣ್ಯವೊಂದನ್ನು ಮುರಿಗೆಪ್ಪನ ಮುಂದಿಟ್ಟರು. ಒಂದು ಬದಿ ಮನುಷ್ಯನನ್ನು ನುಂಗುತ್ತಿರುವ ಹಾವು, ಇನ್ನೊಂದು ಬದಿ ಚಾವಟಿ ಹಿಡಿದು ಕುಳಿತ ಸಂತ.

"ಇಟಲಿಯ ಮಿಲಾನಿನದ್ದು ಮಾರಾಯ್ರೆ. ಐನೂರೈವತ್ತು ವರ್ಷದ ಹಿಂದೆ ಅಲ್ಲಿಯ ಡ್ಯೂಕ್ ಹೊಡೆಸಿದ್ದು. ಅಸಲೋ ನಕಲೋ ನೀವೇ ಹೇಳಬೇಕು."

ಮುರಿಗೆಪ್ಪ ತಿರುಗಿಸಿ ನೋಡಿ ನಕ್ಕುಬಿಟ್ಟ. "ಹಾವಿನ ಬಾಲಾನ ಇಲ್ಲ, ಅಂಚು ಸೊಟ್ಟ. ಅರಸರ ನಾಣ್ಯ ಹಿಂಗ ಇರ್ತಾವೇನ್ರಿ ಸರ? ಯಾರೋ ಎರಕಾ ಹೊಯ್ದು ನಿಮ್ಮ ತಲಿಗೆ ಕಟ್ಟ್ಯಾರ."

ಮೇಷ್ಟ್ರ ಮುಖ ಬಾಡಿತು. ಕಾಶವ್ವನಿಗೆ ತಡೆಯಲಾಗಲಿಲ್ಲ. ನಾಣ್ಯ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದಳು. "ಇಲ್ಲೆ ಸಣ್ಣಗ ಸೀಳೇತಿ ನೋಡ್ರಿ. ಎರಕದಾಗ ಹಿಂಗ ಸೀಳಂಗಿಲ್ಲ. ಇದು ಸುತ್ತಿಗಿ ಪೆಟ್ಟು."

"ನಿನಗೇನ ತಿಳೀತೈತಿ? ನಾ ಹೊಡದ್ರ ಇಷ್ಟು ಸೊಟ್ಟ ಬರತೈತೇನು?"

"ಹೊಡದು ತೋರಸ್ರಿ ಹಂಗಾರ!"

ಮಾತು ಬಿತ್ತು, ಮುರಿಗೆಪ್ಪ ಹಟಕ್ಕೆ ಬಿದ್ದ. ವಾರವಿಡೀ ಎರಡು ಉಕ್ಕಿನ ತುಂಡುಗಳಲ್ಲಿ ಅಚ್ಚು ಕೆತ್ತಿದ: ಒಂದರಲ್ಲಿ ನವಿಲು, ಒಂದರಲ್ಲಿ ಕಮಲ. ಮುಂದಿನ ಭಾನುವಾರ ಮೇಷ್ಟ್ರ ಎದುರಿಗೇ ಕೆಳಗಿನ ಅಚ್ಚನ್ನು ಮರದ ಕೊರಡಿಗೆ ನೆಟ್ಟು, ಮೇಲೆ ಬೆಳ್ಳಿಯ ಬಿಲ್ಲೆ ಇಟ್ಟ. ಮೇಲಿನ ಅಚ್ಚನ್ನು ಕಾಶವ್ವ ಇಕ್ಕಳದಲ್ಲಿ ಹಿಡಿದಳು. ತನ್ನ ಮಾತು ಸುಳ್ಳಾದರೆ ಮೇಷ್ಟ್ರ ಮುಖ ನೋಡುವುದು ಹೇಗೆ?

ಮುರಿಗೆಪ್ಪ ಉಸಿರು ಬಿಗಿಹಿಡಿದು ಸುತ್ತಿಗೆ ಬೀಸಿದ. ಧಡ್! ಚಾಳಿನ ಕಿಟಕಿಗಳೆಲ್ಲ ಅದುರಿದವು.

ಅಚ್ಚು ಎತ್ತಿ ನೋಡಿದರೆ ನವಿಲಿಗೆ ಗರಿಯಿತ್ತು, ತಲೆಯೇ ಇರಲಿಲ್ಲ. ಅಂಚು ಸೊಟ್ಟ, ಅಲ್ಲೊಂದು ಸಣ್ಣ ಸೀಳು. ಮೇಷ್ಟ್ರು ಎರಡನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು. ಸೀಳು ಅದೇ ಬಗೆಯದು.

ಮುರಿಗೆಪ್ಪ ಎರಡನ್ನೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದ. ಆಮೇಲೆ ಗಹಗಹಿಸಿ ನಕ್ಕ. "ಪಾಪ, ಆ ಮಿಲಾನಿನಾವಗ ಬೈದ್ನೆಲ್ಲ! ದಿನಕ್ಕ ಎಷ್ಟು ಹೊಡೀತಿದ್ದನೋ ಏನೋ. ಸರ, ಇದು ಪೆಟ್ಟಿನ ನಾಣ್ಯಾನ. ಈಕಿ ಹೇಳಿದ್ದ ಖರೆ."

"ಅಕ್ಕಾ, ನಕಲಿ ಅಂತ ಎಸೆದೇಬಿಡುತ್ತಿದ್ದೆ, ನೀವು ಉಳಿಸಿದಿರಿ," ಎಂದು ಮೇಷ್ಟ್ರು ಕಾಶವ್ವನಿಗೆ ಕೈಮುಗಿದು, ನಾಣ್ಯವನ್ನು ಗೆಳೆಯರಿಗೆ ತೋರಿಸುವ ಆತುರದಲ್ಲಿ ಸ್ಟೇಷನ್ನಿನ ಕಡೆ ಹೆಚ್ಚುಕಮ್ಮಿ ಓಡಿಯೇ ಹೋದರು.

ತಲೆಯಿಲ್ಲದ ನವಿಲನ್ನು ಕರಗಿಸಲು ಮುರಿಗೆಪ್ಪ ಕೈಚಾಚಿದ. ಕಾಶವ್ವ ಕೊಡಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಗಂಡನ ಕೈಚಳಕವನ್ನು ಮೇಲಿನ ಮನೆಯ ಗೆಳತಿ ಗಂಗುಬಾಯಿಗೆ ತೋರಿಸಲು ಮಹಡಿ ಹತ್ತಿದಳು.