ಬಾಯ್ಲರ್ ಪಾಲು

ಕಾರ್ಖಾನೆಯಲ್ಲಿ ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ಅದರ ಸದ್ದು ಅಡಗುವ ಮೊದಲೇ ಕ್ಯಾಂಟೀನಿನ ಕಿಟಕಿ ತೆರೆದಿರುತ್ತಿತ್ತು. ಮೂವತ್ತೊಂದು ವರ್ಷಗಳಲ್ಲಿ ಕಿಟಕಿ ಒಂದು ದಿನವೂ ಗಂಟೆಗಿಂತ ಹಿಂದೆ ಬಿದ್ದಿರಲಿಲ್ಲ. ಅದಕ್ಕೇ ಅಡುಗೆಯಾಕೆಗೆ ಗಂಟೆಯಕ್ಕ ಎಂಬ ಹೆಸರು ಅಂಟಿಕೊಂಡಿತ್ತು. ಸಂಬಳದ ಚೀಟಿಯಲ್ಲಿದ್ದ ಹೆಸರು ಹಿಡಿದು ಯಾರಾದರೂ ಕರೆದರೆ, ಕರೆದದ್ದು ತನ್ನನ್ನೇ ಎಂದು ತಿಳಿಯಲು ಅವಳಿಗೆ ಒಂದು ಕ್ಷಣ ಬೇಕಾಗುತ್ತಿತ್ತು.

ಅವಳು ನಿವೃತ್ತಳಾದ ದಿನ ನಾನೂರು ಜನ ಸೇರಿ ಬೀಳ್ಕೊಡುಗೆಯ ಊಟ ಇಟ್ಟುಕೊಂಡಿದ್ದರು. ಹಡಗಿನಲ್ಲಿ ಅಡುಗೆಯವನಾಗಿದ್ದ ತಮ್ಮನೂ ರಜೆಯ ಮೇಲೆ ಬಂದಿದ್ದ. ಹಡಗು ಹತ್ತುವ ಮೊದಲು ಎರಡು ವರ್ಷ ಅವನು ಇದೇ ಕಾರ್ಖಾನೆಯ ಬಾಯ್ಲರ್ ಕೋಣೆಯಲ್ಲಿ ದುಡಿದವನು; ಹಳಬರು ಬಿಡದೆ ಅವನ ಕೈಗೂ ಮೈಕು ಕೊಟ್ಟರು.

"ನಮ್ಮಕ್ಕ ಇಷ್ಟು ವರ್ಷ ಮಾಡಿದ್ದು ಅಡುಗೆ ಅಂತ ನೀವೆಲ್ಲ ತಿಳ್ಕೊಂಡಿದ್ದೀರಿ," ಎಂದ ತಮ್ಮ. "ಅದು ಅಡುಗೆ ಅಲ್ಲ, ಉತ್ಪಾದನೆ. ಒಳಗಿರೋ ಯಂತ್ರಗಳಿಗೂ ನಮ್ಮಕ್ಕನಿಗೂ ಒಂದೇ ವ್ಯತ್ಯಾಸ. ಯಂತ್ರಗಳಿಗೆ ವಾರಕ್ಕೊಂದು ಸಲ ಎಣ್ಣೆ ಬಿಡ್ತಾರೆ."

ನಾನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಂಟೆಯಕ್ಕನೂ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲೇ ನಿಂತಿತು. ಮೂವತ್ತೊಂದು ವರ್ಷಕ್ಕೆ ಕೊನೆಯಲ್ಲಿ ಸಿಕ್ಕ ಹೆಸರು ಇದಾದರೆ, ಇನ್ನು ಮುಂದೆ ಅವರ ನೆನಪಿನಲ್ಲಿ ಉಳಿಯುವುದೂ ಇದೇ.

ಮನೆಗೆ ಬಂದ ಮೇಲೆ ತಮ್ಮನನ್ನು ಕೇಳಿದಳು: "ಏನೋ ಅದು, ಉತ್ಪಾದನೆ ಅಂದ್ರೆ?"

"ತಮಾಷೆಗೆ ಅಂದೆ ಕಣಕ್ಕ."

"ನಾನೂ ತಮಾಷೆಗೇ ಕೇಳ್ತಿದ್ದೀನಿ. ಹಾಗಾದ್ರೆ ಅಡುಗೆ ಅಂದ್ರೆ ಯಾವುದು?"

ತಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡ. ಇಟಲಿಯ ಒಂದು ಬಂದರಿನಲ್ಲಿ ತಿಂದದ್ದನ್ನು ಬಣ್ಣಿಸತೊಡಗಿದ. ಕುಂಬಳದ ಹೂವು. ಅದರ ಹೊಟ್ಟೆಯೊಳಗೆ ಬೆಣ್ಣೆಯಷ್ಟು ಮೆತ್ತಗಿನ ಚೀಸ್, ಚೂರೇ ಚೂರು ಉಪ್ಪುಮೀನು. ತೆಳ್ಳಗಿನ ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುವುದು. "ಹೂವು ಹರೀಬಾರದು, ಒಳಗಿನದು ಹೊರಗೆ ಬರಬಾರದು. ಬಾಯಿಗೆ ಇಟ್ರೆ ಮೊದಲು ಗರಿಗರಿ, ಆಮೇಲೆ ಏನೂ ಇಲ್ವೇನೋ ಅನ್ನೋ ಹಾಗೆ ಕರಗಬೇಕು. ಅದು ಅಡುಗೆ. ನಿನ್ನ ಕೈಗೆ ಅದು ಬಗ್ಗಲ್ಲ ಅಕ್ಕ. ನಿಂದು ದೋಣಿಗೆ ಹುಟ್ಟು ಹಾಕೋ ಕೈ."

"ನೀನು ಹಡಗು ಹತ್ತೋದು ಯಾವತ್ತು?"

"ಮುಂದಿನ ಮಂಗಳವಾರ."

"ಭಾನುವಾರ ಊಟಕ್ಕೆ ಬಾ. ಹನ್ನೆರಡೂವರೆಗೆ."

ಎದುರು ಮನೆಯಲ್ಲಿ ನಿವೃತ್ತ ಅಂಚೆಯವರೊಬ್ಬರಿದ್ದರು. ಅವರ ತಾರಸಿಯ ತುಂಬ ಕುಂಬಳದ ಬಳ್ಳಿ. ಕೇಳಿದಾಗ ಅವರು ಕನ್ನಡಕ ಏರಿಸಿಕೊಂಡು ನಿಬಂಧನೆ ಹೇಳಿದರು. "ಉದ್ದ ತೊಟ್ಟಿಂದು ಗಂಡು ಹೂವು, ಅದನ್ನ ಕಿತ್ಕೊಳ್ಳಿ. ಬುಡದಲ್ಲಿ ಗೋಲಿಯಷ್ಟು ಕಾಯಿ ಕಾಣಿಸಿದ್ರೆ ಕೈ ಹಾಕಬೇಡಿ. ಗಂಡು ಹೂವಲ್ಲೂ ನಾಲ್ಕಾರು ಜೇನಿಗೆ ಬಿಡಿ, ಇಲ್ಲಾಂದ್ರೆ ನನಗೆ ಕಾಯಿ ಇಲ್ಲ."

ಮೊದಲ ದಿನ ಹನ್ನೊಂದು ಹೂವು ಹರಿದವು. ಉದ್ದ ಹಿಡಿಯ ಸೌಟಿಗೆ ಒಗ್ಗಿದ ಬೆರಳುಗಳು ಟೀ ಚಮಚವನ್ನು ಎತ್ತ ಹಿಡಿಯಬೇಕೆಂದು ತಿಳಿಯದೆ ತಡಕಾಡಿದವು. ಮೂರನೆಯ ದಿನ ಅವಳಿಗೇ ಒಂದು ಉಪಾಯ ಹೊಳೆಯಿತು. ಹೂವನ್ನು ಅಂಗೈಯಲ್ಲಿ ಮಲಗಿಸಿ ಅದರ ಬಾಯಿಗೆ ಮೆಲ್ಲಗೆ ಊದಿದರೆ ದಳಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಒಳಗಿನ ಹಳದಿ ಕಡ್ಡಿಯನ್ನು ಚಿವುಟಿ ತೆಗೆದು, ಚಮಚದ ಹಿಡಿಯಿಂದ ಹೂರಣ ಇಳಿಸಿ, ದಳಗಳ ತುದಿಯನ್ನು ಒಂದೇ ಒಂದು ಸುತ್ತು ತಿರುಚಿದರೆ ಮುಗಿಯಿತು.

ಹೂರಣಕ್ಕೆ ಹಾಲನ್ನು ನಿಂಬೆರಸದಲ್ಲಿ ಒಡೆಸಿ ಬಟ್ಟೆಯಲ್ಲಿ ತೂಗಿಹಾಕಿದಳು. ಮೆಣಸಿನ ಪುಡಿ, ನಿಂಬೆ ಸಿಪ್ಪೆಯ ತುರಿ, ತಮ್ಮನೇ ತಂದುಕೊಟ್ಟಿದ್ದ ಡಬ್ಬಿಯ ಉಪ್ಪುಮೀನು ಸೇರಿಸಿದಳು. ಹಿಟ್ಟು ಕಲಸುವುದಕ್ಕೆ ಫ್ರಿಜ್ಜಿನಲ್ಲಿಟ್ಟ ಸೋಡಾ. ತಣ್ಣಗಿದ್ದಷ್ಟೂ ಗುಳ್ಳೆ ಉಳಿಯುತ್ತದೆ ಎಂದವಳು ಮಗಳು. ಅವಳು ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಳು. ಮನೆಯ ಎಣ್ಣೆಗೂ ಥರ್ಮಾಮೀಟರ್ ಇಳಿಬಿಟ್ಟಿದ್ದಳು.

ಗಂಟೆಯಕ್ಕ ಒಂದು ಹನಿ ಹಿಟ್ಟು ಎಣ್ಣೆಗೆ ಬಿಟ್ಟು, ಅದು ಮೇಲೇಳುವುದನ್ನು ನೋಡಿ, "ಕಾದಿದೆ," ಎಂದಳು.

"ನೂರ ಎಪ್ಪತ್ತೆಂಟು. ಎರಡು ಡಿಗ್ರಿ ಕಡಿಮೆ ಇದೆ ಅಮ್ಮ."

"ನಿನ್ನ ಕಡ್ಡಿ ಕಾಲೇಜಲ್ಲಿ ಓದಿರಬೇಕು, ಸ್ವಲ್ಪ ನಿಧಾನ."

ಆ ವಾರವೆಲ್ಲ ತಾಯಿ ಮಗಳು ಒಲೆಯ ಮುಂದೆ ನಿಂತೇ ಬಾಣಲೆಯಿಂದ ಎತ್ತಿ ಎತ್ತಿ ತಿಂದರು. ಶನಿವಾರದ ಹೊತ್ತಿಗೆ ಹತ್ತಕ್ಕೆ ಹತ್ತೂ ಸರಿಯಾಗಿ ಬರುತ್ತಿದ್ದವು.

ಭಾನುವಾರ ಬೆಳಿಗ್ಗೆ ಆರೂವರೆಗೆ, ಹೂವು ಬಾಯಿ ಮುಚ್ಚುವ ಮೊದಲೇ, ನಲವತ್ತು ಕಿತ್ತು ತಂದಳು. ಎಲ್ಲಕ್ಕೂ ಹೂರಣ ತುಂಬಿದಳು. ನಾಲ್ಕನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗಿಟ್ಟಳು. ಏಕೆಂದು ಯೋಚಿಸಿ ಇಟ್ಟದ್ದಲ್ಲ. ಕೈ ತಾನಾಗಿ ಇಟ್ಟಿತು. ಬಾಯ್ಲರಿನವರು ಬದಲಿ ಆಳು ಬರುವ ತನಕ ಜಾಗ ಬಿಟ್ಟು ಏಳುವಂತಿಲ್ಲ, ಊಟಕ್ಕೆ ಬರುವಾಗ ಒಂದು ಗಂಟೆ ದಾಟಿರುತ್ತದೆ. ಅವರಿಗೆಂದು ಕ್ಯಾಂಟೀನಿನಲ್ಲಿ ಹತ್ತರಲ್ಲೊಂದು ಪಾಲನ್ನು ಬೇಯಿಸದೆ ತೆಗೆದಿಟ್ಟು, ಅವರು ಕಂಡ ಮೇಲೇ ಒಲೆಗೆ ಹಾಕುತ್ತಿದ್ದಳು. ಅದಕ್ಕೆ ಬಾಯ್ಲರ್ ಪಾಲು ಎಂದೇ ಹೆಸರು.

ಮಗಳು ಹೆಚ್ಚಿನ ಕುರ್ಚಿ ಕೇಳಿ ತರಲು ಎದುರು ಮನೆಗೆ ಹೋದಳು. ಗಂಟೆಯಕ್ಕ ಒಂದೇ ಸಮನೆ ಕರಿದಳು. ಹನ್ನೆರಡು ಹೊಡೆದು ಹತ್ತು ನಿಮಿಷಕ್ಕೆ ಮೂವತ್ತಾರೂ ಮುಗಿದವು, ಒಂದೂ ಒಡೆದಿರಲಿಲ್ಲ. ಬೀಳ್ಕೊಡುಗೆಯ ಊಟದಲ್ಲಿ ಉಳಿದದ್ದನ್ನು ಮನೆಗೆ ತರಲು ಎರವಲು ಪಡೆದಿದ್ದ ಕ್ಯಾಂಟೀನಿನ ಎತ್ತರದ ಪಾತ್ರೆ ಅಲ್ಲೇ ಇತ್ತು. ಅದರಲ್ಲಿ ಹೂವುಗಳನ್ನು ಸಾಲಾಗಿ ಜೋಡಿಸಿ ಬಿಗಿಯಾಗಿ ಮುಚ್ಚಳ ಹಾಕಿದಳು. ಗಂಟೆಗೆ ಮೊದಲು ಮುಗಿಸು, ಬಿಸಿ ಆರದಂತೆ ಮುಚ್ಚು. ಮೂವತ್ತೊಂದು ವರ್ಷದ ಪಾಠ ಅಷ್ಟೇ. ಏಪ್ರನ್ ಬಿಚ್ಚಿ ಮುಖ ತೊಳೆದುಕೊಂಡಳು.

ಮಗಳು ಕುರ್ಚಿ ಹೊತ್ತು ಒಳಗೆ ಬಂದು ಪಾತ್ರೆ ನೋಡಿ ನಿಂತುಬಿಟ್ಟಳು.

"ಅಮ್ಮಾ, ಮುಚ್ಚಿದ್ಯಾ?"

"ಮುಚ್ಚದೆ ನೊಣಕ್ಕೆ ಬಿಡ್ಲಾ?"

"ಅಮ್ಮ, ಹೂವಿನ ತುಂಬ ನೀರೇ ಇರೋದು. ಒಳಗಿನ ಹಬೆ ಎಲ್ಲಿಗೆ ಹೋಗುತ್ತೆ ಹೇಳು."

ಗಂಟೆಯಕ್ಕ ಮುಚ್ಚಳ ಎತ್ತಿದಳು. ಅದರ ಹೊಟ್ಟೆಯಿಂದ ನೀರಿನ ಹನಿಗಳು ಸಾಲಾಗಿ ಹೂವಿನ ಮೇಲೆ ಉದುರಿದವು. ಮೇಲಿನ ಸಾಲಿನದೊಂದನ್ನು ಎತ್ತಿ ಹಿಡಿದಳು. ಹಿಂಡಿ ಹಾಕಿದ ಕಾಲುಚೀಲದಂತೆ ಅದು ಬೆರಳ ಎರಡೂ ಬದಿಗೆ ಜೋತುಬಿತ್ತು; ಹಿಟ್ಟಿನ ಹೊದಿಕೆ ಜಾರಿ ಪಾತ್ರೆಗೆ ಬಿತ್ತು. ಅಡಿಯ ಸಾಲುಗಳನ್ನು ನೋಡುವ ಅಗತ್ಯವೇ ಇರಲಿಲ್ಲ.

ಅಷ್ಟರಲ್ಲಿ ಬಾಗಿಲ ಕರೆಗಂಟೆ ಸದ್ದು ಮಾಡಿತು. ಹನ್ನೆರಡೂವರೆಗೆ ಇನ್ನೂ ಎರಡು ನಿಮಿಷವಿತ್ತು.

"ಹೂವು ಸಿಗಲಿಲ್ಲ ಅಂತ ಮಾವನಿಗೆ ಹೇಳಿಬಿಡೋಣ," ಎಂದು ಮಗಳು ಪಿಸುಗುಟ್ಟಿದಳು. "ಬೇರೆ ಏನಾದ್ರೂ ಮಾಡಿದ್ರಾಯ್ತು."

ಗಂಟೆಯಕ್ಕ ಪಾತ್ರೆಗೆ ಮತ್ತೆ ಮುಚ್ಚಳ ಹಾಕಿದಳು. ಆಮೇಲೆ ಫ್ರಿಜ್ಜಿನ ಕಡೆ ತಿರುಗಿದಳು. ಬಿಚ್ಚಿಟ್ಟಿದ್ದ ಏಪ್ರನ್ನನ್ನು ಮತ್ತೆ ಕಟ್ಟಿಕೊಂಡಳು.

"ಒಲೆ ಹಚ್ಚು. ಅವನನ್ನ ಮೇಜಿಗೆ ಕೂರಿಸಬೇಡ, ಸೀದಾ ಇಲ್ಲಿಗೆ ಕರ್ಕೊಂಡು ಬಾ."

ತಮ್ಮ ಮೂಗರಳಿಸಿಕೊಂಡೇ ಅಡುಗೆಮನೆಗೆ ಬಂದ. "ವಾಸನೆ ಏನೋ ಬಂದರಿಂದೇ ಇದೆ. ಊಟ ಎಲ್ಲಿ ಅಕ್ಕ?"

"ಮೊದಲು ಇದನ್ನ ನೋಡು," ಎಂದು ಅವಳೇ ಮುಚ್ಚಳ ತೆಗೆದಳು.

ಅವನು ಬಗ್ಗಿ ನೋಡಿದ. ನಗು ತಡೆಯಲು ಒಂದಿಷ್ಟು ಹೆಣಗಿ ಸೋತ. "ನಾನು ಹೇಳಲಿಲ್ವಾ. ಮೂರು ಡಜನ್ ಮಾಲು ತಯಾರಾಗಿ ಗೋದಾಮಲ್ಲಿ ಕೂತಿದೆ."

"ನಕ್ಕಾಯ್ತಾ? ಈಗ ಈ ಕಡೆ ಬಂದು ನಿಂತ್ಕೋ," ಎಂದು ಅವಳು ಒದ್ದೆ ಬಟ್ಟೆ ಬಿಡಿಸಿದಳು. ನಾಲ್ಕು ಹೂವು, ತಿರುಚಿದ ತುದಿಗಳೆಲ್ಲ ಒಂದೇ ದಿಕ್ಕಿಗೆ.

"ಇದ್ಯಾಕೆ ಬೇರೆ ಇಟ್ಟಿದ್ದೀಯ?"

"ಬಾಯ್ಲರ್ ಪಾಲು."

ತಮ್ಮನ ನಗು ಅಲ್ಲಿಗೇ ನಿಂತಿತು. ಗಂಟೆಯಕ್ಕ ಥರ್ಮಾಮೀಟರನ್ನು ಪಕ್ಕಕ್ಕೆ ಸರಿಸಿ ಒಂದು ಹನಿ ಹಿಟ್ಟು ಬಿಟ್ಟು ನೋಡಿದಳು. ಮೊದಲನೆಯ ಹೂವನ್ನು ತೊಟ್ಟು ಹಿಡಿದು ಹಿಟ್ಟಿನಲ್ಲಿ ಅದ್ದಿ, ಬಟ್ಟಲಿನ ಅಂಚಿಗೆ ತಟ್ಟಿ ಹೆಚ್ಚಿನದನ್ನು ಉದುರಿಸಿ, ಎಣ್ಣೆಯ ಬದಿಯಿಂದ ಜಾರಿಸಿದಳು. ದೋಣಿಗೆ ಹುಟ್ಟು ಹಾಕುವ ಕೈ ಅದನ್ನು ಒಂದೇ ಒಂದು ಸಲ ಮಗುಚಿತು. ಕಾಗದದ ಮೇಲಿಟ್ಟು ಅವನತ್ತ ಚಾಚಿದಳು.

"ನಿಂತೇ ತಿನ್ನು. ಮೇಜು ಹತ್ತು ಹೆಜ್ಜೆ ದೂರ ಇದೆ. ಇದು ಅಲ್ಲಿವರೆಗೆ ಕಾಯಲ್ಲ."

ಅವನು ಕಚ್ಚಿದ ಸದ್ದು ಬಾಗಿಲ ಬಳಿ ನಿಂತಿದ್ದ ಮಗಳಿಗೂ ಕೇಳಿಸಿತು. ಕಚ್ಚಿದ ಜಾಗವನ್ನು ತಿರುಗಿಸಿ ನೋಡಿದ, ಉಳಿದದ್ದನ್ನು ತಿಂದ, ತೊಟ್ಟನ್ನೂ ಬಿಡಲಿಲ್ಲ. ಎರಡನೆಯದು ಮಗಳಿಗೆ ಹೋಯಿತು. ಮೂರನೆಯದಕ್ಕೆ ಅವನೇ ಕಾಗದ ಹಿಡಿದು ಮುಂದೆ ಬಂದ.

ತಿಂದು ಮುಗಿಸಿ ನಿಧಾನವಾಗಿ ಹೇಳಿದ: "ಬಾಯ್ಲರಲ್ಲಿ ಇದ್ದಾಗ ನಾನು ಒಂದು ಗಂಟೆ ಮೇಲೇ ಬರ್ತಿದ್ದೆ. ಎರಡು ವರ್ಷದಲ್ಲಿ ಒಂದಿನಾನೂ ತಣ್ಣಗಿರೋದು ತಿಂದಿಲ್ಲ. ಕ್ಯಾಂಟೀನ್ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ."

"ಹಾಗೇ ಇರಲ್ಲ."

"ಹಡಗಿಗೆ ಹೋದ್ಮೇಲೆ ಗೊತ್ತಾಗಬೇಕಿತ್ತು. ಅಲ್ಲಿ ಇಪ್ಪತ್ತೆರಡೇ ಜನ. ಕಾವಲು ಮುಗಿಸಿ ತಡವಾಗಿ ಬರೋನಿಗೆ ನಾನು ಆರಿದ್ದನ್ನೇ ಬಡಿಸ್ತೀನಿ." ಕಾಗದವನ್ನು ಮಡಚಿ ಮತ್ತೆ ಮಡಚಿದ. "ಅವತ್ತು ಅಂದ ಮಾತು ವಾಪಸ್ ತೊಗೊಂಡೆ ಅಕ್ಕ."

"ಅಂದಿದ್ದು ಮೈಕಲ್ಲಿ."

"ಅಂದ್ರೆ?"

"ನಾಳೆ ಈ ಪಾತ್ರೆ ಕ್ಯಾಂಟೀನಿಗೆ ವಾಪಸ್ ಕೊಡಬೇಕು. ಹನ್ನೆರಡೂವರೆಗೆ ಎಲ್ಲರೂ ಅಲ್ಲೇ ಇರ್ತಾರೆ. ನೀನೇ ಹೊತ್ಕೊಂಡು ಬಾ, ಮಾತೂ ಅಲ್ಲೇ ಆಡು."

"ಹೊರ್ತೀನಿ," ಎಂದು ಅವನು ಕೈ ಚಾಚಿದ. "ಸೌಟು ಕೊಡು. ಕೊನೇದು ನಾನು ಕರೀತೀನಿ, ನೀನು ತಿನ್ನು."

"ಸೌಟು ಕೊಡಲ್ಲ. ತಿನ್ನೋದು ಬೇಕಾದ್ರೆ ತಿಂತೀನಿ."

ನಾಲ್ಕನೆಯದನ್ನು ಅವಳೇ ಕರಿದು, ಒಲೆಯ ಮುಂದೆ ನಿಂತೇ ತಿಂದಳು. ಕ್ಯಾಂಟೀನಿನಲ್ಲಿ ಎಲ್ಲರ ಊಟ ಮುಗಿದ ಮೇಲೆ ಆರಿದ್ದನ್ನೇ ಉಂಡು ಅಭ್ಯಾಸವಾಗಿದ್ದ ನಾಲಿಗೆ ಇವತ್ತೂ ಚುರ್ ಎಂದು ಸುಟ್ಟಿತು. ಉಪ್ಪು ನೋಡಿದಳು, ಹದ ನೋಡಿದಳು, ಬೇರೆಯವರು ಮಾಡಿದ್ದನ್ನು ಪರೀಕ್ಷಿಸುವಂತೆ ಹುಬ್ಬು ಗಂಟಿಕ್ಕಿ ಅಗಿದಳು. ತಿದ್ದುವಂಥದ್ದು ಏನೂ ಸಿಗಲಿಲ್ಲ.

"ಹೇಗಿದೆ ಅಮ್ಮ?"

"ಚೆನ್ನಾಗಿದೆ," ಎಂದಳು ಗಂಟೆಯಕ್ಕ. ಮೂವತ್ತೊಂದು ವರ್ಷ ಬೇರೆಯವರ ಬಾಯಿಂದಷ್ಟೇ ಕೇಳಿದ್ದ ಮಾತು. ತನ್ನ ಬಾಯಲ್ಲೂ ಅದು ಸರಿಯಾಗಿಯೇ ಕೂತಿತು. "ತುಂಬಾ ಚೆನ್ನಾಗಿದೆ."