ಗ್ರಿಲ್ ಬರುವ ಮೊದಲೇ ಕೊರೆದ ಮೇಜು

ಇದ್ದಿಲಿನ ಮೇಲೆ ಅಡುಗೆ ಸುಡುವ ಸಣ್ಣ ಗ್ರಿಲ್ಲಿನ ಬೆಲೆ ಗಂಡನ ಮರಗೆಲಸದ ಅಂಗಡಿಯ ಒಂದು ತಿಂಗಳ ಬಾಡಿಗೆ. ನಡುವಿನದಕ್ಕೆ ಎರಡು ತಿಂಗಳದು. ದೊಡ್ಡದಕ್ಕೆ ಹತ್ತಿರ ಹತ್ತಿರ ನಾಲ್ಕು ತಿಂಗಳದು. ಅದರ ಮೇಲೆ ಮನೆಗೆ ತಂದಿಳಿಸುವ ಕೂಲಿ ಬೇರೆ. ಇದ್ದಿಲಿನ ಖರ್ಚು ಇದರಲ್ಲಿ ಸೇರಿಲ್ಲ. ಅತ್ತಿಗೆ ಇಷ್ಟನ್ನೂ ಮಾರುವವನ ಮುಂದೆ ನಿಂತಲ್ಲೇ ಕೂಡಿಸಿ, ಗಂಡನ ಮುಖ ನೋಡಿದಳು. ಅವನು ದೊಡ್ಡದರ ಮುಚ್ಚಳ ಎತ್ತಿ, ಬಾವಿಗೆ ಇಣುಕುವವನ ಹಾಗೆ ಒಳಗೆ ಬಗ್ಗಿದ್ದ.

ಬೀದಿಯವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೈದುನ ಇಪ್ಪತ್ತು ವರ್ಷ ಬಾಯಿತುಂಬ ಕರೆದು ಕರೆದು ಅದೇ ಅವಳ ಹೆಸರಾಗಿ ನಿಂತಿತ್ತು. ಗಂಡ ದೊಡ್ಡ ಮೇಸ್ತ್ರಿ, ಮೈದುನ ಚಿಕ್ಕ ಮೇಸ್ತ್ರಿ. ಒಂದೇ ಅಂಗಡಿಯಲ್ಲಿ ಕಪಾಟು, ಪೆಟ್ಟಿಗೆ, ಬಾಗಿಲು ಮಾಡುತ್ತಿದ್ದವರು ಎರಡು ವರ್ಷದ ಹಿಂದೆ ಯಾವುದೋ ಗಿರಾಕಿಯ ಕೆಲಸದ ಮೇಲೆ ಮಾತಿಗೆ ಮಾತು ಬೆಳೆಸಿ ಬೇರೆಯಾದರು. ಜಗಳ ಆರಿಹೋಗಿತ್ತು, ಬಿಗುವು ಉಳಿದಿತ್ತು. ಕರೆದರೆ ಮೈದುನ ಹೆಂಡತಿ ಮಕ್ಕಳೊಂದಿಗೆ ಬರುತ್ತಿದ್ದ. ಉಂಡು, ಕೈ ಒದ್ದೆ ಇರುವಾಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಮಾರುವವನು ವಿವರಿಸಿದ: ಇದು ತಗಡಿನದ್ದಲ್ಲ, ಸೆರಾಮಿಕ್, ಗೋಡೆ ದಪ್ಪ, ಒಮ್ಮೆ ಕಾದರೆ ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ. ಆದರೆ ದೊಡ್ಡದನ್ನು ಇಬ್ಬರಿಗಾಗಿ ಹೊತ್ತಿಸಿದರೆ ಇದ್ದಿಲು ಸುಮ್ಮನೆ ಬೂದಿಯಾಗುತ್ತದೆ. ಒಂದು ಸಲಕ್ಕೆ ಎಷ್ಟು ಜನ ಊಟಕ್ಕೆ ಕೂರುತ್ತೀರಿ ಎಂದು ಕೇಳಿದ.

"ಹನ್ನೆರಡು," ಅಂದ ಗಂಡ.

"ಇಬ್ಬರು," ಅಂದಳು ಅತ್ತಿಗೆ.

ಮಾರುವವನು ಇಬ್ಬರನ್ನೂ ನೋಡಿದ. "ಒಂದೇ ಮನೆಯವರು ತಾನೇ?"

ದಾರಿಯುದ್ದಕ್ಕೂ ಗಂಡ ತನ್ನ ವಾದ ಬಿಡಲಿಲ್ಲ. ತಮ್ಮ ಬೇಗ ಎದ್ದು ಹೋಗುವುದು ಕಾಯಲು ಬೇಸರವಾಗಿ. ಹನ್ನೆರಡು ಜನರಿಗೂ ಒಂದೇ ಸಲ ಬಿಸಿಬಿಸಿ ಬಡಿಸಿಬಿಟ್ಟರೆ ಅವನಿಗೆ ಏಳಲು ನೆಪವೇ ಸಿಗುವುದಿಲ್ಲ. ಅತ್ತಿಗೆಗೆ ಕಾಣುತ್ತಿದ್ದುದು ಬೇರೆ. ಅಷ್ಟು ದೊಡ್ಡ ಗ್ರಿಲ್ ಹಿತ್ತಲಲ್ಲಿ ತಣ್ಣಗೆ ಕೂತಿದ್ದರೆ, ಯಾರು ಬರಲಿಲ್ಲ ಎಂಬುದನ್ನು ಗಂಡನಿಗೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತದೆ. ಮೈದುನ ಮೊದಲಿನ ಹಾಗೆ ಒಂದು ಮಧ್ಯಾಹ್ನ ಕಾಲು ಚಾಚಿ ಕೂತರೆ ಸಾಕು ಎಂಬ ಆಸೆ ಅವಳಿಗೂ ಇತ್ತು. ಆದರೆ ಆ ಆಸೆಯನ್ನು ಪಾತ್ರೆಯ ಗಾತ್ರದಿಂದ ತೀರಿಸಬಹುದೆಂದು ಅವಳಿಗೆ ಅನ್ನಿಸಲಿಲ್ಲ. ಒಂದು ವಾರ ಯೋಚಿಸೋಣ ಅಂದಳು.

ಗಂಡ ಯೋಚಿಸಲಿಲ್ಲ, ಮೇಜು ಮಾಡಿದ. ಅಣ್ಣತಮ್ಮಂದಿರು ಒಟ್ಟಿಗಿದ್ದಾಗ ಎತ್ತಿಟ್ಟಿದ್ದ ಅಗಲವಾದ ಹಲಗೆ ತೆಗೆದು, ಅದರ ನಡುವೆ ದೊಡ್ಡ ಗ್ರಿಲ್ ಕೂರುವಂತೆ ದುಂಡಗೆ ಕೊರೆದು, ಅಂಚು ಉಜ್ಜಿ, ಎಣ್ಣೆ ಸವರಿ ಹಿತ್ತಲಲ್ಲಿ ನಿಲ್ಲಿಸಿದ. ಮೇಜೇ ಆದ ಮೇಲೆ ಇನ್ನೇನು ಯೋಚನೆ ಎಂದು ನಕ್ಕ. ವಾದ ಗೆಲ್ಲುವ ಅವನ ದಾರಿ ಯಾವಾಗಲೂ ಹೀಗೆಯೇ.

ಮೇಜು ಕಣ್ಣಿಗೆ ಹಬ್ಬವಾಗಿತ್ತು. ಆದರೂ ಅತ್ತಿಗೆಗೆ ಆ ತೂತು ಯಾಕೋ ಸಣ್ಣದಾಗಿ ಕಂಡಿತು. ಮರುದಿನ ಒಂದು ದಾರವನ್ನು ತೂತಿನ ಅಡ್ಡಕ್ಕೆ ಹಿಡಿದು, ಅಷ್ಟಕ್ಕೆ ಕತ್ತರಿಸಿ, ಒಬ್ಬಳೇ ಅಂಗಡಿಗೆ ಹೋದಳು. ದೊಡ್ಡ ಗ್ರಿಲ್ಲಿನ ಹೊಟ್ಟೆಯ ಅಡ್ಡಕ್ಕೆ ದಾರ ಹಿಡಿದರೆ ಒಂದು ಗೇಣು ಸಾಲಲಿಲ್ಲ. ಮಾರುವವನು ಗ್ರಿಲ್ಲಿಗೆ ಕಟ್ಟಿದ್ದ ಅಳತೆಯ ಚೀಟಿ ತೋರಿಸಿದ; ಗಂಡ ನೋಡಿಕೊಂಡು ಹೋಗಿದ್ದು ಅದನ್ನೇ. ಅದರಲ್ಲಿ ಬರೆದದ್ದು ಒಳಗಿನ ಜಾಲರಿಯ ಅಗಲ. ಗೋಡೆಯ ದಪ್ಪ ಅದರಲ್ಲಿಲ್ಲ. ಅವಳು ದೊಡ್ಡದರ, ನಡುವಿನದರ ಹೊರಗಿನ ಅಗಲ ಕೇಳಿ ಬರೆದುಕೊಂಡಳು.

ಅವಳಿಗೆ ನಗು ಬರಲಿಲ್ಲ. ಅಣ್ಣತಮ್ಮಂದಿರ ಕೆಲಸದ ರೀತಿಯೇ ಹಾಗಿತ್ತು. ಯಾವ ಕಪಾಟಾದರೂ ಒಳಗಿನ ಅಳತೆ ಅಣ್ಣನದು: ಏನು ಹಿಡಿಯಬೇಕು, ಎಷ್ಟು ಖಾನೆ ಬೇಕು. ಹೊರಗಿನ ಅಳತೆ ತಮ್ಮನದು: ಯಾವ ಬಾಗಿಲಲ್ಲಿ ನುಗ್ಗಬೇಕು, ಯಾವ ಗೋಡೆಗೆ ತಾಗಬಾರದು. ಇಪ್ಪತ್ತು ವರ್ಷದ ಅಭ್ಯಾಸ. ಬೇರೆಯಾದ ಮೇಲೆ ಅಣ್ಣ ತನ್ನ ಪಾಲಿನ ಅರ್ಧ ಕೆಲಸವನ್ನೇ ಪೂರ್ತಿ ಎಂದುಕೊಂಡು ಮಾಡುತ್ತಿದ್ದ.

ಗಂಡನಿಗೆ ತಾನೇ ಹೇಳಿದರೆ ಅದು ಹೆಂಡತಿಯ ಗೆಲುವಾಗುತ್ತದೆ, ಅವನು ಇನ್ನಷ್ಟು ಸೆಟೆದುಕೊಳ್ಳುತ್ತಾನೆ. ಬಸ್ಸಿಗೆ ಕಾಯುತ್ತ ಅವಳು ಮೈದುನನಿಗೆ ಫೋನ್ ಮಾಡಿದಳು. ಊಟಕ್ಕೆ ಕರೆಯಲಿಲ್ಲ. ಒಂದು ಮೇಜಿಗೆ ನಿನ್ನ ಅಳತೆ ಬೇಕಾಗಿದೆ ಅಂದಳು.

ಅವನು ಸಂಜೆ ಕೆಲಸದ ಬಟ್ಟೆಯಲ್ಲೇ ಬಂದ. ತಮ್ಮನ ಕೈಯಲ್ಲಿ ಟೇಪು ಕಂಡು, ಬೈಸಿಕೊಳ್ಳಲು ತಯಾರಾದವನ ಹಾಗೆ ಅಣ್ಣ ಮೇಜಿನ ಆಚೆ ನಿಂತ. ಮೈದುನ ಬಗ್ಗಿ ತೂತಿನ ಅಂಚಿನ ಮೇಲೆ ಬೆರಳಾಡಿಸಿದ, ಟೇಪು ಬಿಚ್ಚಿದ, ದೊಡ್ಡ ಗ್ರಿಲ್ಲಿನ ಮೈ ಎಷ್ಟಗಲ, ನಡುವಿನದರದ್ದು ಎಷ್ಟು ಎಂದು ಅತ್ತಿಗೆಯನ್ನು ಕೇಳಿ ತಿಳಿದುಕೊಂಡ.

"ಅಣ್ಣ, ಹೊರಗಿಂದು ಯಾರು ಅಳೆದದ್ದು?"

ಅಣ್ಣ ಅಂಚಿನ ಎಣ್ಣೆಯನ್ನು ಹೆಬ್ಬೆರಳಿನಿಂದ ಒರೆಸಿದ. "ಯಾರೂ ಅಳೀಲಿಲ್ಲ. ನೀನಿರಲಿಲ್ಲವಲ್ಲ."

ಮೈದುನ ಟೇಪು ಸುತ್ತಿದ, ಮತ್ತೆ ಬಿಚ್ಚಿದ. ಅತ್ತಿಗೆ ಏನೋ ನೆನಪಾದವಳಂತೆ ಒಳಗೆ ಹೋದಳು, ಆದರೆ ಬಾಗಿಲ ಹಿಂದೆಯೇ ನಿಂತಳು.

"ದೊಡ್ಡದಕ್ಕೆ ಕೊರೆದ್ರೆ ಮೇಜು ಉಳಿಯಲ್ಲ ಅಣ್ಣ, ಬಳೆ ಉಳಿಯತ್ತೆ," ಅಂದ ಮೈದುನ. "ನಡುವಿಂದು ತಗೋ. ಸುತ್ತ ಗಾಳಿ ಆಡಬೇಕು, ಇಲ್ಲಾಂದ್ರೆ ಮರ ಕರಕಾಗತ್ತೆ. ಒಂದು ಬೆರಳು ಅಗಲ ಮಾಡಿದ್ರೆ ಸಾಕು."

"ಅದರಲ್ಲಿ ಒಂದೇ ಸಲಕ್ಕೆ ಎಲ್ಲರಿಗೂ ಆಗಲ್ಲ."

"ಆಗದಿದ್ರೆ ಕಾಯ್ತೀವಿ. ಯಾವ ರೈಲು ಹಿಡಿಯೋದಿದೆ?"

ಅವನೇ ಚಪ್ಪಲಿ ಮೆಟ್ಟಿ ಓಡುತ್ತಿದ್ದವನು ಎಂದು ಅಣ್ಣ ನೆನಪಿಸಲಿಲ್ಲ. ಇಬ್ಬರೂ ಸೇರಿ ಆ ಸಂಜೆಯೇ ಅಂಚು ಅಗಲಿಸಿದರು.

ನಡುವಿನ ಗ್ರಿಲ್ ಬಂತು. ರಜೆಯ ದಿನ ಎರಡೂ ಮನೆಯವರು, ನೆಂಟರು ಎಂದು ಹನ್ನೆರಡು ಜನ ಸೇರಿದರು. ಜಾಲರಿಯ ಮೇಲೆ ಒಂದು ಸಲಕ್ಕೆ ನಾಲ್ಕು ತಟ್ಟೆಗೆ ಸಾಲುವಷ್ಟು ಕೋಳಿ, ಜೋಳ ಹಿಡಿಯುತ್ತಿತ್ತು. ಮಕ್ಕಳಿಗೆ ಮೊದಲು, ಆಮೇಲೆ ಹೆಂಗಸರಿಗೆ, ಕೊನೆಗೆ ಅಣ್ಣತಮ್ಮಂದಿರಿಗೆ. ಕೊನೆಯ ಪಾಳಿಯವರಿಗೆ ಮಾಡಲು ಕೆಲಸವಿರಲಿಲ್ಲ. ಗ್ರಿಲ್ ಪಕ್ಕ ಕೂತು, ಕೆಳಗಿನ ಗಾಳಿಕಿಂಡಿ ಎಷ್ಟು ತೆರೆಯಬೇಕೆಂದು ಕಿತ್ತಾಡುತ್ತ ಮಾತಿಗಿಳಿದರು. ಉಂಡ ಮೇಲೂ ಅದು ಬಿಸಿಯಾಗಿಯೇ ಇತ್ತು, ಮಾತೂ ನಡೆದೇ ಇತ್ತು. ದೊಡ್ಡದನ್ನು ತಂದಿದ್ದರೆ ಎಲ್ಲರದ್ದೂ ಒಟ್ಟಿಗೆ ಮುಗಿದು, ಎಲ್ಲರೂ ಒಟ್ಟಿಗೆ ಏಳುತ್ತಿದ್ದರು ಎಂದು ಅತ್ತಿಗೆ ತಟ್ಟೆ ಜೋಡಿಸುತ್ತ ಅಂದುಕೊಂಡಳು.

ಅಂಗಡಿಗಳು ಮತ್ತೆ ಒಂದಾಗಲಿಲ್ಲ, ಆಗುವುದೂ ಇಲ್ಲ. ಹಳೆಯ ಗಿರಾಕಿಗಳಲ್ಲಿ ಅರ್ಧ ಜನ ಇಬ್ಬರನ್ನೂ ಬಿಟ್ಟು ಹೋಗಿದ್ದಾರೆ. ಆದರೆ ಅಣ್ಣನ ಅಂಗಡಿಯಿಂದ ಈಗ ಯಾವ ಕಪಾಟೂ ತಮ್ಮ ಬಂದು ಹೊರಗಿನ ಅಳತೆ ನೋಡದೆ ಹೋಗುವುದಿಲ್ಲ.